ಊರಿಗೆ ಕಳಿಸುವ ಮೊದಲು

ಮಕ್ಕಳನ್ನು ಕುರಿತು ನಮ್ಮ ಪತ್ರಿಕೆಯಲ್ಲಿ ಎಷ್ಟೋ ಲೇಖನಗಳು ಬಂದಿವೆ. ಪರಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆ, ಪರೀಕ್ಷೆಯ ಅಂಜಿಕೆ ಬಿಡಿಸುವುದು ಹೇಗೆ ಎಂಬುದನ್ನೆಲ್ಲ ಬಲ್ಲವರು ಬರೆದಿದ್ದಾರೆ. ನಾವು ಎತ್ತಿಕೊಂಡ ವಿಷಯ ಮಾತ್ರ ನಾಲ್ಕು ಜನ ಚಹಾ ಕುಡಿಯುತ್ತ ಕುಳಿತಾಗ ಯಾರೂ ಎತ್ತುವಂಥದಲ್ಲ. ಮಗು ತನ್ನ ಮೈಯನ್ನೋ ಇನ್ನೊಂದು ಮಗುವಿನ ಮೈಯನ್ನೋ ಕುರಿತು ಮಾಡುವ ಕೆಲವು ಚೇಷ್ಟೆಗಳು ಹೆತ್ತವರ ಎದೆ ಝಲ್ಲೆನಿಸುತ್ತವೆ. ಅವುಗಳಲ್ಲಿ ಯಾವುದು ಬರಿಯ ಕುತೂಹಲ, ಯಾವುದು ಅಪಾಯದ ಸೂಚನೆ, ಅಪಾಯದ ಸೂಚನೆಯೇ ಆದರೆ ದೊಡ್ಡವರು ಮಾಡಬೇಕಾದುದೇನು ಎಂಬುದೇ ನಮ್ಮ ವಿಷಯ. ಇದನ್ನು ಬರೆಯಲೇ ಎಂದು ಕೇಳಿದಾಗ ಸಂಪಾದಕರು ಕನ್ನಡಕ ತೆಗೆದು ಒರೆಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯಿರಿ" ಎಂದರು.

ಬರೆಯಲು ಕುಳಿತಾಗ ಮೊದಲು ಸಿಕ್ಕಿದ ತೊಡಕು ಶಬ್ದಗಳದು. ಮೈಯ ಆ ಭಾಗಗಳಿಗೆ ನಮ್ಮಲ್ಲಿ ಎರಡೇ ಬಗೆಯ ಹೆಸರು: ಒಂದು ವೈದ್ಯರ ಸಂಸ್ಕೃತ, ಇನ್ನೊಂದು ಬೀದಿಯ ಬೈಗುಳ. ನಡುವೆ ತಾಯಿ ತನ್ನ ಕೂಸಿಗೆ ನಾಚದೆ ಹೇಳಬಹುದಾದ ಮಾತು ಕಡಿಮೆ. ಕೆಲವು ಮನೆಗಳಲ್ಲಿ ಹಕ್ಕಿಯ ಹೆಸರು, ಕೆಲವು ಮನೆಗಳಲ್ಲಿ ಹೂವಿನ ಹೆಸರು, ಹೆಚ್ಚಿನ ಮನೆಗಳಲ್ಲಿ ಬರಿಯ "ಅಲ್ಲಿ". ಬಟ್ಟೆ ಇಲ್ಲದೆ ಓಡಾಡಿದರೆ "ಶೇಮ್ ಶೇಮ್" ಎಂಬ ಆಂಗ್ಲ ಮಂತ್ರವೊಂದುಂಟು. ಅದನ್ನು ಅಜ್ಜಿಯರೂ ಕಲಿತಿದ್ದಾರೆ. ನಮ್ಮ ಮುಂಬಯಿಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಬೈಗುಳಗಳು ಅವರಿಗೆ ನಾಲ್ಕು ಭಾಷೆಗಳಲ್ಲಿಯೂ ಬರುತ್ತವೆ. ಮರ್ಯಾದೆಯ ಶಬ್ದ ಒಂದರಲ್ಲಿಯೂ ಬರುವುದಿಲ್ಲ. ನಾಳೆ ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಆ ಮಗು ಬಂದು ಹೇಳುವುದಾದರೂ ಯಾವ ಮಾತಿನಲ್ಲಿ? ಆದ್ದರಿಂದ ಕಣ್ಣು, ಕಿವಿ, ಮೂಗುಗಳ ಜತೆಗೇ, ಅದೇ ದನಿಯಲ್ಲಿ, ಇವಕ್ಕೂ ಒಂದು ಸರಳವಾದ ಹೆಸರನ್ನು ಹೇಳಿಕೊಡುವುದು ಮೊದಲ ಕೆಲಸವೆಂದು ನಮಗೆ ತೋರುತ್ತದೆ. "ಉಚ್ಚೆ ಹೊಯ್ಯುವ ಜಾಗ" ಎಂದರೂ ಆದೀತು. ಮಗು ಹೇಳಿದ್ದು ಕೇಳಿದವರಿಗೆ ತಿಳಿದರೆ ಸಾಕು.

ಈ ವಿಷಯವನ್ನು ಮಾತಾಡಿದವರು ಹಿಂದೆ ಇರಲಿಲ್ಲವೆಂದಲ್ಲ. ಇದೇ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1927ರಿಂದ 1953ರವರೆಗೆ "ಸಮಾಜ ಸ್ವಾಸ್ಥ್ಯ" ಎಂಬ ಮರಾಠಿ ಮಾಸಪತ್ರಿಕೆ ನಡೆಸಿ ಜನ ಕೇಳಿದ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರು. ಅದಕ್ಕಾಗಿ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ಆಯಿತು; 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾಕ್ಟರ್ ಅಂಬೇಡ್ಕರರು. ಮೊಕದ್ದಮೆ ಗೆಲ್ಲಲಿಲ್ಲ. ಕನ್ನಡದಲ್ಲಿ ಡಾಕ್ಟರ್ ಅನುಪಮಾ ನಿರಂಜನರು "ತಾಯಿ ಮಗು", "ಕೇಳು ಕಿಶೋರಿ"ಯಂಥ ಪುಸ್ತಕಗಳನ್ನು ಬರೆದು ಎಷ್ಟೋ ಮನೆಗಳ ಸಂಕೋಚ ಬಿಡಿಸಿದರು. ಇಷ್ಟಾದರೂ ನಮ್ಮ ನಾಲಗೆ ಇನ್ನೂ ಕಟ್ಟಿಕೊಂಡೇ ಇದೆ.

ಮೊದಲು ಧೈರ್ಯ ಹೇಳುವ ಮಾತು. ಎರಡು ಮೂರು ವರ್ಷದ ಕೂಸು ಸ್ನಾನದ ಹೊತ್ತಿನಲ್ಲಿ ತನ್ನ ಮೈಯನ್ನು ಮುಟ್ಟಿ ನೋಡಿಕೊಳ್ಳುತ್ತದೆ. ನಾಲ್ಕೈದು ವರ್ಷದ ಮಕ್ಕಳು "ಅವನಿಗೆ ಹಾಗೇಕೆ, ನನಗೆ ಹೀಗೇಕೆ" ಎಂದು ಕೇಳುತ್ತಾರೆ. ಡಾಕ್ಟರರ ಆಟ ಆಡುತ್ತಾರೆ. ಒಂದೇ ವಯಸ್ಸಿನವರು ಒಬ್ಬರನ್ನೊಬ್ಬರು ಇಣುಕಿ ನೋಡಿ ನಗುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2ರಿಂದ 12 ವರ್ಷದೊಳಗಿನ 1,114 ಮಕ್ಕಳ ತಾಯಂದಿರನ್ನು ವಿಚಾರಿಸಿದರು. ಯಾರಿಂದಲೂ ಕಿರುಕುಳಕ್ಕೆ ಈಡಾಗದ ಮಕ್ಕಳೇ ಅವರು. ಇಂಥ ಕುತೂಹಲದ ನಡವಳಿಕೆ ಅವರಲ್ಲಿ ಧಾರಾಳವಾಗಿ ಕಂಡುಬಂತು. ಐದರ ಆಸುಪಾಸಿನವರೆಗೆ ಹೆಚ್ಚಾಗಿದ್ದು ಆಮೇಲೆ ತಾನಾಗಿ ಇಳಿದಿತ್ತು. ಈ ಆಟದ ಲಕ್ಷಣವೆಂದರೆ ಅದರಲ್ಲಿ ನಗುವಿರುತ್ತದೆ, ಒತ್ತಾಯವಿರುವುದಿಲ್ಲ. "ಸಾಕು, ಬನ್ನಿ, ಚಡ್ಡಿ ಹಾಕಿಕೊಳ್ಳಿ, ಉಪ್ಪಿಟ್ಟು ತಿನ್ನೋಣ" ಎಂದರೆ ಅಲ್ಲಿಗೆ ನಿಲ್ಲುತ್ತದೆ. ಇದಕ್ಕೆ ಬಾಸುಂಡೆ ಬರುವಂತೆ ಹೊಡೆಯುವುದಾಗಲಿ, ಪಾಪ ನರಕಗಳ ಹೆಸರು ಹೇಳುವುದಾಗಲಿ ಬೇಕಿಲ್ಲ. ಇನ್ನೊಂದು ಮಾತು: ಮಗು ರಾತ್ರಿ ಹೊತ್ತು ಮೇಲಿಂದ ಮೇಲೆ ಅಲ್ಲಿ ಕೆರೆದುಕೊಳ್ಳುತ್ತಿದ್ದರೆ ಅದು ಜಂತುಹುಳುವಿನ ತುರಿಕೆಯೂ ಇರಬಹುದು, ಮೂತ್ರದ ಉರಿಯೂ ಇರಬಹುದು. ನೀತಿಬೋಧೆಗಿಂತ ಮೊದಲು ಡಾಕ್ಟರರ ಕಡೆ ಹೋಗುವುದು ಲೇಸು.

ಎದೆ ಎಚ್ಚರಗೊಳ್ಳಬೇಕಾದ ಸಂಗತಿಗಳು ಬೇರೆಯೇ. ಇಬ್ಬರು ಮಕ್ಕಳ ವಯಸ್ಸಿನಲ್ಲಿ, ಮೈಕಟ್ಟಿನಲ್ಲಿ, ತಿಳಿವಳಿಕೆಯಲ್ಲಿ ಬಹಳ ಅಂತರವಿರುವುದು. ಒಬ್ಬರು ಇನ್ನೊಬ್ಬರನ್ನು ಹೆದರಿಸಿಯೋ ಚಾಕಲೇಟು ಕೊಟ್ಟೋ ಒಪ್ಪಿಸುವುದು. "ಯಾರಿಗೂ ಹೇಳಬೇಡ" ಎಂಬ ಗುಟ್ಟು. ಆಟದಲ್ಲಿ ನಗುವಿನ ಬದಲು ಅಳುವೋ ಸಿಟ್ಟೋ ಇರುವುದು. ಆ ವಯಸ್ಸಿಗೆ ತಿಳಿದಿರಲಾರದ, ದೊಡ್ಡವರಿಗೆ ಮಾತ್ರ ತಿಳಿದ ಸಂಗತಿಗಳನ್ನು ಮಗು ಮಾಡಿ ತೋರಿಸುವುದು. ಬೇಡವೆಂದು ಶಾಂತವಾಗಿ ಹೇಳಿದರೂ ಮತ್ತೆ ಮತ್ತೆ ಅದಕ್ಕೇ ಮರಳುವುದು. ಇವುಗಳಲ್ಲಿ ಒಂದು ಕಂಡರೂ ಹತ್ತಿರ ಕುಳಿತು ನೋಡಬೇಕು. ಹಾಗೆಂದು ಇಂಥ ಪ್ರತಿಯೊಂದು ಮಗುವನ್ನೂ ಯಾರೋ ಕೆಡಿಸಿದ್ದಾರೆಂದೇ ತಿಳಿಯಬೇಕಾಗಿಲ್ಲ. ಮಕ್ಕಳ ಕೈಗೆ ಬಂದ ಮೊಬೈಲು ತೋರಿಸಬಾರದ್ದನ್ನೆಲ್ಲ ತೋರಿಸಿರಬಹುದು. ಒಂದೇ ಕೋಣೆಯ ಮನೆಯಲ್ಲಿ, ಮಗು ಮಲಗಿದೆ ಎಂದು ದೊಡ್ಡವರು ತಿಳಿದ ಹೊತ್ತಿನಲ್ಲಿ, ಅದು ಮಲಗಿರದೆ ಇರಬಹುದು. ಮುಂಬಯಿಯ ಬಿಡಾರಗಳಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಯಾರೋ ಕಲಿಸಿದ್ದೂ ಇರಬಹುದು ಎಂಬ ಸಾಧ್ಯತೆಯನ್ನು ಮಾತ್ರ ಎಂದೂ ತಳ್ಳಿಹಾಕಬಾರದು.

ನಾವು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇವೆ. ಎರಡೂ ಮನೆಯವರ ಒಪ್ಪಿಗೆ ಪಡೆದಿದ್ದೇವೆ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇವೆ. ಯಾರಿರಬಹುದು ಎಂದು ಹುಡುಕುವ ಕೆಲಸಕ್ಕೆ ವಾಚಕರು ದಯವಿಟ್ಟು ಹೋಗಬಾರದು.

2024ರ ಶ್ರಾವಣ. ನಮ್ಮ ಕಟ್ಟಡದಲ್ಲಿ ನಮ್ಮ ಕಡೆಯವರೇ ಆದ ಒಂದು ಸಂಸಾರ. ಅವರಿಗೆ ಒಂಬತ್ತು ವರ್ಷದ ಮಗ. ಕೆಳಗಿನ ಅಂತಸ್ತಿನ ಮರಾಠಿ ಮನೆಯ ಐದು ವರ್ಷದ ಹುಡುಗಿ ಒಂದು ಸಂಜೆ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ, ಆ ಹುಡುಗ ಆಟದ ಹೆಸರಿನಲ್ಲಿ ತನ್ನನ್ನು ಮುಟ್ಟಬಾರದಂತೆ ಮುಟ್ಟಿದನೆಂದೂ, ಹೇಳಿದರೆ ನಿನ್ನ ಆಯಿ ಸಾಯುತ್ತಾಳೆ ಎಂದನೆಂದೂ ಹೇಳಿದಳು. ಜಿನೆ ತುಂಬ ಜನ ಸೇರಿದರು. ಹುಡುಗನ ತಂದೆ ಲೋಕಲ್ ಗಾಡಿಯಿಂದ ಇಳಿದು ಬಂದವರು ಕೈಚೀಲವನ್ನು ಕೆಳಗಿಡುವ ಮೊದಲೇ ಸಂಗತಿ ಕೇಳಿ, ಬೆಲ್ಟು ಬಿಚ್ಚಿ ಹೊಡೆದರು. ಹುಡುಗ ಅಳಲಿಲ್ಲ. ಗೋಡೆಗೆ ಒರಗಿ ನಿಂತೇ ಇದ್ದ. ಆಮೇಲೆ ನೆರೆದವರಲ್ಲಿ ಹಿರಿಯರೊಬ್ಬರು, ಪರಊರಿನಲ್ಲಿರುವ ನಾವೆಲ್ಲ ಎಲ್ಲ ರೋಗಕ್ಕೂ ಕೊಡುವ ಮದ್ದನ್ನೇ ಕೊಟ್ಟರು: "ಊರಿಗೆ ಕಳಿಸಿಬಿಡ್ರಿ. ಒಂದೆರಡು ವರ್ಷ ಅಜ್ಜಿ ಕಡೆ ಇರ್ಲಿ, ಅಲ್ಲೇ ಸಾಲಿ ಕಲೀಲಿ. ಈ ಮುಂಬಯಿ ನೀರ ಕೆಟ್ಟದ್ದು." ತಂದೆ ತಲೆಯಾಡಿಸಿದರು. ಆಗ ಹುಡುಗ ಅತ್ತ. ಅದು ಅಳುವೆಂದರೆ ಅಳುವೂ ಅಲ್ಲ. ನಿಂತಲ್ಲಿಯೇ ಚಡ್ಡಿ ಒದ್ದೆಯಾಗಿ ಹೋಯಿತು. "ಊರಿಗೆ ಬ್ಯಾಡ, ಊರಿಗೆ ಬ್ಯಾಡ" ಎಂಬುದೊಂದೇ ಮಾತು.

ಏಟಿಗೆ ಅಳದ ಹುಡುಗ ಊರಿನ ಹೆಸರಿಗೆ ಅತ್ತದ್ದನ್ನು ನಮ್ಮ ಮನೆಯಾಕೆ ಗಮನಿಸಿದಳು. ಗುಂಪು ಕರಗಿದ ಮೇಲೆ ಆ ತಾಯಿಯನ್ನು ನಮ್ಮ ಮನೆಗೆ ಕರೆತಂದಳು. ಆಕೆ ಗೋಡೆ ನೋಡುತ್ತ, "ನನ್ನ ಮಗ ಹಿಂಗ್ಯಾಕ ಮಾಡಿದ್ನೋ ತಿಳೀವಲ್ದು ವೈನೀ" ಎಂದು ಒಂದೇ ಮಾತನ್ನು ಹೇಳುತ್ತಿದ್ದಳು. ಮೆಲ್ಲಗೆ ಕೇಳಿದ ಮೇಲೆ ಒಂದೊಂದೇ ಹೊರಬಿತ್ತು. ಬೇಸಗೆಯ ರಜೆ ಮುಗಿಸಿ ಜೂನಿನಲ್ಲಿ ಊರಿಂದ ಬಂದಾಗಿನಿಂದ ಹುಡುಗ ದೀಪ ಆರಿಸಗೊಡುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆಯೇ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಚಾಳಿ ಮರಳಿತ್ತು. ತಾಯಿ ತಲೆಗೆ ನೀರು ಹಾಕಲು ಹೋದರೂ ಬಾಗಿಲು ಹಾಕಿಕೊಳ್ಳುತ್ತಿದ್ದ. ವಾರಕ್ಕೆರಡು ಸಲ ಹೊಟ್ಟೆನೋವು. ಶಾಲೆಯ ದಿನಚರಿ ಪುಸ್ತಕದಲ್ಲಿ "ಪಾಠದಲ್ಲಿ ಲಕ್ಷ್ಯವಿಲ್ಲ" ಎಂದು ಮೂರು ಸಲ ಕೆಂಪು ಮಸಿಯ ಷರಾ. ಇವೆಲ್ಲ ಬಿಡಿಬಿಡಿಯಾಗಿದ್ದಾಗ ಯಾರಿಗೂ ಏನೂ ಅನ್ನಿಸುವಂತಿರಲಿಲ್ಲ.

ನಾವು 1098ಕ್ಕೆ ಫೋನು ಮಾಡಿದೆವು. ತೊಂದರೆಯಲ್ಲಿರುವ ಮಕ್ಕಳಿಗಾಗಿ ಇರುವ ಈ ಸಂಖ್ಯೆ 1996ರಲ್ಲಿ ಆರಂಭವಾದದ್ದು ಇದೇ ಮುಂಬಯಿಯಲ್ಲಿ. ಈಗ ಅದನ್ನು ಸರಕಾರವೇ ನಡೆಸುತ್ತದೆ. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು. ಅವರು ಮಕ್ಕಳ ಮನಸ್ಸಿನ ವಿಷಯ ಬಲ್ಲ ಒಬ್ಬ ಸಲಹೆಗಾರ್ತಿಯ ಗೊತ್ತು ಮಾಡಿಕೊಟ್ಟರು. ಆಕೆ ಎರಡೂ ಮಕ್ಕಳನ್ನು ಬೇರೆಬೇರೆಯಾಗಿ ಕಂಡರು. "ಹೇಳಿದರೆ ನಿನ್ನ ತಾಯಿ ಸಾಯುತ್ತಾಳೆ" ಎಂಬ ಮಾತನ್ನು ಕೇಳಿದೊಡನೆ ಆಕೆ, ಇದು ಒಂಬತ್ತು ವರ್ಷದವನು ಕಟ್ಟಿದ ಮಾತಿನಂತಿಲ್ಲ, ಯಾರೋ ಇವನಿಗೆ ಹೇಳಿರಬೇಕು ಎಂದರು. ಮೂರನೆಯ ಭೇಟಿಯಲ್ಲಿ, ಚಿತ್ರ ಬರೆಯುತ್ತ ಬರೆಯುತ್ತ, ಹುಡುಗ ತಾನಾಗಿಯೇ ಹೇಳಿದ. ಊರಿನಲ್ಲಿ ಅಜ್ಜಿಯ ಮನೆಯ ಅಟ್ಟದ ಮೇಲೆ ಮಕ್ಕಳ ಜತೆ ಮಲಗುತ್ತಿದ್ದ ಒಬ್ಬ ನಂಟ. ಎರಡು ವರ್ಷದ ರಜೆಯಿಂದಲೂ.

ಆ ಸಂಜೆ ಗುಂಪಿನ ಮಾತು ನಡೆದಿದ್ದರೆ ಹುಡುಗ ಹೋಗಬೇಕಾಗಿದ್ದುದು ಅದೇ ಅಟ್ಟಕ್ಕೆ.

ಮೊದಲ ಗಳಿಗೆಯಲ್ಲಿ ಏನು ಮಾಡಬೇಕೆಂಬುದನ್ನು ಆ ಸಲಹೆಗಾರ್ತಿಯಿಂದ ಕೇಳಿ ತಿಳಿದುಕೊಂಡೆವು. ಮಕ್ಕಳನ್ನು ಬೇರೆ ಮಾಡಬೇಕು, ಆದರೆ ಕೂಗಾಡಬಾರದು. ನಮ್ಮ ಮುಖವನ್ನು ನೋಡಿಯೇ ಮಗು ಮುಂದಿನ ಮಾತನ್ನು ಹೇಳಬೇಕೋ ನುಂಗಬೇಕೋ ಎಂದು ತೀರ್ಮಾನಿಸುತ್ತದೆಯಂತೆ. ನೋವುಂಡ ಮಗುವಿಗೆ, "ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ" ಎಂದು ಹೇಳಬೇಕು. ಮಾಡಿದ ಮಗುವಿಗೆ, "ಹೀಗೆ ಯಾರನ್ನೂ ಮುಟ್ಟಕೂಡದು, ನೀನು ನಮ್ಮವನೇ, ಆದರೆ ಇದು ನಿಲ್ಲಬೇಕು" ಎಂದು ಎರಡನ್ನೂ ಕೂಡಿಯೇ ಹೇಳಬೇಕು. ಕೇಳುವ ಪ್ರಶ್ನೆ ಸಣ್ಣದಿರಬೇಕು: "ಏನಾಯಿತು? ಆಮೇಲೆ?" ಅಷ್ಟೆ. "ಅವನೇ ತಾನೆ ಕಲಿಸಿದ್ದು, ಹೌದಲ್ಲ?" ಎಂದು ನಾವೇ ಉತ್ತರವನ್ನು ಬಾಯಿಗೆ ತುರುಕಿದರೆ ಮಗು ಹೂಂ ಎನ್ನುತ್ತದೆ, ಆ ಹೂಂ ಮುಂದೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮಾವ, ಚಿಕ್ಕಪ್ಪ, ಪಕ್ಕದ ಮನೆಯವರು ಸರದಿಯಂತೆ ಕೂತು ಅದನ್ನೇ ಮತ್ತೆ ಮತ್ತೆ ಕೇಳುವುದಂತೂ ಕೂಡದು. ನಮ್ಮಲ್ಲಿ ಸಮಾಧಾನ ಹೇಳಲು ಬಂದವರು ಮಾಡುವ ಕೆಲಸ ಸಾಮಾನ್ಯವಾಗಿ ಇದೇ.

ಇನ್ನು ಕಾಯಿದೆಯ ಮಾತು. ನಾವು ವಕೀಲರಲ್ಲ, ಕಚೇರಿಯಲ್ಲಿ ಕಲಮುಗಳನ್ನು ಓದಿ ಓದಿ ಬಂದ ರೂಢಿ ಮಾತ್ರ ಉಂಟು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ, ಹುಡುಗಿಯಂತೆ ಹುಡುಗನೂ. ಅಪರಾಧ ನಡೆದಿದೆ ಎಂದು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕೆಂದು 19ನೆಯ ಕಲಮು ಹೇಳುತ್ತದೆ. ಸುಮ್ಮನಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಮನೆತನದ ಮರ್ಯಾದೆಗೆ ಅದರಲ್ಲಿ ರಿಯಾಯಿತಿ ಇಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದಕ್ಕೆ ಇಷ್ಟವಾದ ಸ್ಥಳದಲ್ಲೋ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಮಗುವಿಗೆ ನಂಬಿಕೆಯಿರುವ ಹಿರಿಯರು ಪಕ್ಕದಲ್ಲಿರಬಹುದು. ಅಲ್ಲಿಯ ಭಾಷೆ ಸಾಲದಿದ್ದರೆ ದುಭಾಷಿಯನ್ನು ಕರೆಸಬಹುದು. ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ, ಏಕೆಂದರೆ ಶಾಲೆಯಲ್ಲಿ ಎಷ್ಟು ಮರಾಠಿ ಇಂಗ್ಲಿಷು ಕಲಿತಿದ್ದರೂ ಇಂಥದನ್ನು ಹುಡುಗ ಹೇಳಿದ್ದು ಕನ್ನಡದಲ್ಲಿಯೇ. ಘಟನೆ ನಡೆದದ್ದು ಕರ್ನಾಟಕದಲ್ಲಿ, ನಾವಿರುವುದು ಮುಂಬಯಿಯಲ್ಲಿ, ದೂರು ಎಲ್ಲಿ ಕೊಡುವುದು ಎಂಬ ಪ್ರಶ್ನೆಯೂ ಬಂತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ದೂರು ಬರೆಸಬಹುದು. ಅದಕ್ಕೆ ಸೊನ್ನೆ ಸಂಖ್ಯೆ ಹಾಕಿ ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸುತ್ತಾರೆ. ಜನ "ಝೀರೋ ಎಫ್.ಐ.ಆರ್." ಎನ್ನುವುದು ಇದಕ್ಕೇ.

ಹುಡುಗ ಮಾಡಿದ್ದನ್ನೂ ಬಚ್ಚಿಡಲಿಲ್ಲ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರ ನಡುವಿನವರಲ್ಲಿ ತಿಳಿವಳಿಕೆ ಬಲಿತಿರಲಿಲ್ಲವಾದರೆ ಅದೂ ಅಪರಾಧವಲ್ಲ ಎಂದು ಕಾನೂನು ಹೇಳುತ್ತದೆ. ಹುಡುಗನನ್ನು ಜೈಲಿಗೆ ಹಾಕುತ್ತಾರೆಂದು ಕಟ್ಟಡದಲ್ಲಿ ಹಬ್ಬಿದ ಸುದ್ದಿಗೆ ಆಧಾರವಿರಲಿಲ್ಲ. ಅವನು ಮುಂದೆ ಹೀಗೆಯೇ ಆಗಿಬಿಡುತ್ತಾನೆಯೇ ಎಂಬುದು ತಾಯಿಯ ಪ್ರಶ್ನೆ. ಇದಕ್ಕೆ ಉತ್ತರ ಅಂದಾಜಿನದಲ್ಲ. ಅಮೆರಿಕದ ಓಕ್ಲಹೋಮದಲ್ಲಿ ಇಂಥ ನಡವಳಿಕೆ ತೋರಿದ 5ರಿಂದ 12 ವರ್ಷದ 135 ಮಕ್ಕಳಿಗೆ ಎರಡು ಬಗೆಯ ಚಿಕಿತ್ಸೆ ಕೊಟ್ಟು ಹತ್ತು ವರ್ಷದ ತರುವಾಯ ವಿಚಾರಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನಡತೆಯ ಕಟ್ಟಳೆಗಳನ್ನು ನೇರವಾಗಿ ಕಲಿಸಿದ ಗುಂಪಿನಲ್ಲಿ ಮುಂದೆ ಇಂಥ ಅಪರಾಧದಲ್ಲಿ ಸಿಕ್ಕಿದವರು ನೂರಕ್ಕೆ 2. ಬರಿಯ ಆಟದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 10. ಸಲಹೆಗಾರ್ತಿ ಇದನ್ನು ಹೇಳಿದ ದಿನ ಆ ತಾಯಿ ಎಷ್ಟೋ ವಾರಗಳ ಮೇಲೆ ಕೂತು ಊಟ ಮಾಡಿದಳು.

ತಂದೆಯದು ಬೇರೆ ಕಷ್ಟ. "ನಮ್ಮವ್ವ ಇದನ್ನ ಕೇಳಿದ್ರ ಬದುಕೂದಿಲ್ರಿ" ಎಂಬುದೇ ಅವರ ದೊಡ್ಡ ಅಂಜಿಕೆ. ಇಲ್ಲಿ ವಲಸೆ ಬಂದ ನಮ್ಮೆಲ್ಲರ ಒಂದು ನಂಬಿಕೆಯ ಮಾತು ಬರುತ್ತದೆ. ಮುಂಬಯಿ ಕೆಟ್ಟದ್ದು, ಊರು ಒಳ್ಳೆಯದು. ಇಲ್ಲಿ ಅಪರಿಚಿತರು, ಅಲ್ಲಿ ನಮ್ಮವರು. ವರ್ಷದ ಹತ್ತು ತಿಂಗಳು ಇಲ್ಲಿ ಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ನಾವು ಮೇ ತಿಂಗಳಲ್ಲಿ ಊರಿನ ಅಂಗಳದಲ್ಲಿ ಬಿಟ್ಟು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೇವೆ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ವರದಿ ಪ್ರಕಟಿಸಿತು. ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದೆವು ಎಂದವರು ನೂರಕ್ಕೆ 53. ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರೇ, ನಂಬಿಕೆಯ ಸ್ಥಾನದಲ್ಲಿದ್ದವರೇ. ಊರಿಗೆ ಹೋಗುವುದು ಬೇಡವೆಂದು ನಾವು ಹೇಳುತ್ತಿಲ್ಲ. ಅಜ್ಜಿಯ ಕೈತುತ್ತು, ಹೊಲದ ಬದುವು, ಕನ್ನಡದ ಬೈಗುಳ ಸಹ ಮಕ್ಕಳಿಗೆ ಬೇಕು. ರಾತ್ರಿ ಮಕ್ಕಳು ಯಾರ ಪಕ್ಕದಲ್ಲಿ ಮಲಗುತ್ತಾರೆ ಎಂಬುದನ್ನು ಫೋನಿನಲ್ಲಿ ಮಳೆಬೆಳೆ ಕೇಳಿದಷ್ಟೇ ಸಹಜವಾಗಿ ಕೇಳೋಣ. ಬಂದ ಮೇಲೆ "ಎಷ್ಟು ಮಾವಿನಹಣ್ಣು ತಿಂದೆ" ಎಂಬುದರ ಜತೆಗೆ "ಯಾರ ಜತೆ ಇರೋದು ನಿನಗೆ ಸೇರಲಿಲ್ಲ" ಎಂದೂ ಕೇಳೋಣ. ಒಬ್ಬ ನಂಟನ ತೊಡೆಯ ಮೇಲೆ ಕೂಡಲು, ಮುದ್ದು ಕೊಡಲು ಮಗು ಒಲ್ಲೆನೆಂದರೆ "ಅವರು ಏನು ತಿಳಿದಾರು" ಎಂದು ಒತ್ತಾಯಿಸದೆ ಬಿಟ್ಟುಬಿಡೋಣ.

ಅಜ್ಜಿಗೆ ಕೊನೆಗೆ ಮಗನೇ ಹೋಗಿ ಹೇಳಿದರು. ಆಕೆ ಸಾಯಲಿಲ್ಲ. ಬಹಳ ಹೊತ್ತು ಸೆರಗಿನ ಅಂಚು ಹಿಡಿದು ಕೂತಿದ್ದು, "ಕೂಸಿನ್ನ ಇತ್ತ ಕಳಿಸಬ್ಯಾಡ. ನಾನ ಅಲ್ಲಿಗೆ ಬರ್ತೀನಿ" ಎಂದರಂತೆ. ಅಂದಿನಿಂದ ಬೇಸಗೆಯಲ್ಲಿ ಆಕೆಯೇ ರೊಟ್ಟಿಯ ಹಿಟ್ಟು ಕಟ್ಟಿಕೊಂಡು ರೈಲು ಹತ್ತಿ ಬರುತ್ತಾರೆ. ನಂಟರಲ್ಲಿ ಅರ್ಧ ಜನ ಮಾತು ಬಿಟ್ಟಿದ್ದಾರೆ. ಮೊಕದ್ದಮೆ ಊರ ಕಡೆಯ ನ್ಯಾಯಾಲಯದಲ್ಲಿ ನಡೆದಿದೆ. ಹುಡುಗ ಬಹುಕಾಲ ಪ್ರತಿ ಶನಿವಾರ ಸಲಹೆಗಾರ್ತಿಯ ಕಡೆ ಹೋದ; ಈಗ ತಿಂಗಳಿಗೊಮ್ಮೆ ಹೋದರೆ ಸಾಕೆಂದಿದ್ದಾರೆ. ದೀಪ ಆರಿಸಿಯೇ ಮಲಗುತ್ತಾನೆ. ಚಿಕ್ಕ ಮಕ್ಕಳ ಜತೆ ದೊಡ್ಡವರಿಲ್ಲದೆ ಆಡಕೂಡದೆಂಬ ಕಟ್ಟಳೆ ಇನ್ನೂ ಇದೆ; ಅದನ್ನು ಅವನೇ ಬೇರೆ ಮಕ್ಕಳಿಗೆ ಹೇಳಿ ಪಕ್ಕಕ್ಕೆ ನಿಲ್ಲುತ್ತಾನೆ.

ಕೆಳಗಿನ ಮನೆಯ ಹುಡುಗಿಯೂ ಕೆಲವು ತಿಂಗಳು ಅದೇ ಸಲಹೆಗಾರ್ತಿಯ ಕಡೆ ಹೋದಳು. ಈಗ ಶಾಲೆಯ ನಾಟಕದಲ್ಲಿ ಗಿಳಿಯ ಪಾತ್ರ ಮಾಡುತ್ತಾಳೆ. ಆ ಮನೆಯವರು ಮೇಲಿನ ಮನೆಯವರೊಡನೆ ಮಾತಾಡುವುದಿಲ್ಲ. ಮಾತಾಡಿರೆಂದು ಹೇಳುವ ಗೋಜಿಗೆ ನಾವೂ ಹೋಗಿಲ್ಲ. ಜಿನೆಯಲ್ಲಿ ಎದುರಾದಾಗ ಹುಡುಗನ ತಾಯಿ ಗೋಡೆಗೆ ಸರಿದು ದಾರಿ ಬಿಡುತ್ತಾಳೆ. ಹುಡುಗಿಯ ತಾಯಿ ಮಗಳ ಕೈ ಹಿಡಿದು ಇಳಿದು ಹೋಗುತ್ತಾಳೆ.